ಮದುಮಗಳ ಸೀರೆ ಎಲ್ಲಿ ಹೋಯಿತು?

ಪ್ರಶ್ನೆ: ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಮದುವೆ ಫೋಟೋಗಳು ಆಲ್ಬಮ್‌ಗಾಗಿ ಮಂಗಳೂರಿನ ಲ್ಯಾಬ್‌ಗೆ ಹೋಗಬೇಕು. ಲಿನಕ್ಸ್ ಕಂಪ್ಯೂಟರಿನಲ್ಲಿ ಫೈಲ್ ಕಳಿಸುವ ಎಫ್‌ಟಿಪಿಗೆ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ) ಬರೆದು, ರಾತ್ರಿ 11ಕ್ಕೆ ಓಡುವ ಹಾಗೆ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಪ್ರೋಗ್ರಾಂ) ಹಾಕಿದ್ದೇನೆ. ನಾನೇ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಓಡುವುದೇ ಇಲ್ಲ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಮೊನ್ನೆ ಲ್ಯಾಬ್‌ನವರು ಫೋನ್ ಮಾಡಿ, ಮದುಮಗಳ ಮುಖ ಇದೆ, ಸೀರೆ ಇರಬೇಕಾದಲ್ಲಿ ಬರೀ ಬೂದು ಬಣ್ಣ ಅಂದರು. ಏನು ಮಾಡಲಿ ಸರ್?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಕ್ಯಾಮೆರಾಕ್ಕೆ ಬೈಯಬೇಡಿ. ಸಾಮಾನ್ಯ ಜೆಪೆಗ್ ಫೈಲಿನಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಇರುತ್ತದೆ. ಅರ್ಧ ಫೈಲ್ ಹೋಗಿದೆ, ಅರ್ಧ ಚಿತ್ರ ಕಂಡಿದೆ, ಅಷ್ಟೇ.

ಎಫ್‌ಟಿಪಿಯನ್ನು ರಿಪೇರಿ ಮಾಡುತ್ತಾ ಕೂರಬೇಡಿ. ಅದರಲ್ಲಿ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನಲ್ಲಿ ಬರೆದ ಹಾಗೆ ಹೋಗುತ್ತದೆ, ದಾರಿಯಲ್ಲಿದ್ದವರು ಓದಬಹುದು. ಲ್ಯಾಬ್‌ನವರಲ್ಲಿ ಎಸ್‌ಎಸ್‌ಎಚ್ (ದಾರಿಯಲ್ಲಿದ್ದವರು ಓದಲಾಗದಂತೆ ಕಳಿಸುವ ವ್ಯವಸ್ಥೆ) ಅಕೌಂಟ್ ಕೇಳಿ, ಪಾಸ್‌ವರ್ಡ್ ಬದಲು ಕೀ (ಗುರುತು ತೋರಿಸುವ ಫೈಲ್) ಮಾಡಿಕೊಂಡು, ಕಳಿಸುವ ಕೆಲಸವನ್ನು ಆರ್‌ಸಿಂಕ್ ಎಂಬ ಪ್ರೋಗ್ರಾಂಗೆ ಕೊಡಿ. 1996ರಿಂದ ಇರುವ ಹಳೇ ಜೀವ ಅದು, ಆದರೆ ನಿಮ್ಮ ಊರಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಫೈಲಿನ ಗಾತ್ರ ಮತ್ತು ಕೊನೆಗೆ ಬದಲಾದ ಸಮಯ ಎರಡೂ ಕಡೆ ಒಂದೇ ಇದ್ದರೆ ಅದನ್ನು ಮತ್ತೆ ಕಳಿಸುವುದಿಲ್ಲ, ಅಂದರೆ 800 ಫೋಟೋದಲ್ಲಿ 600 ಹೋದಾಗ ಕರೆಂಟ್ ಹೋದರೂ ಉಳಿದ 200 ಮಾತ್ರ ಬಾಕಿ. ಆ ಬದಲಾದ ಸಮಯ ಅಲ್ಲಿಯೂ ಹಾಗೇ ಉಳಿಯಬೇಕಾದರೆ 'ಎ' (-a) ಆಯ್ಕೆ ಕೊಡಿ. ಜತೆಗೆ 'ಪಾರ್ಶಿಯಲ್-ಡಿರ್' ಕೊಡಿ. ಅರ್ಧಕ್ಕೆ ನಿಂತ ಫೈಲ್ ಬೇರೆ ಫೋಲ್ಡರಿನಲ್ಲಿ ಉಳಿಯುತ್ತದೆ, ಪೂರ್ತಿ ಬಂದ ಮೇಲಷ್ಟೇ ಲ್ಯಾಬ್‌ನವರ ಕಣ್ಣಿಗೆ ಬೀಳುತ್ತದೆ.

ಇನ್ನು ಕ್ರಾನ್. ನೀವು ಲಾಗಿನ್ ಆದಾಗ ಸಿಗುವ ಸೌಕರ್ಯ ಅದಕ್ಕೆ ಸಿಗುವುದಿಲ್ಲ. ನಿಮ್ಮ ಬ್ಯಾಶ್ (ನೀವು ಕಮಾಂಡ್ ಟೈಪ್ ಮಾಡುವ ಶೆಲ್) ಸೆಟ್ಟಿಂಗ್ ಓದುವುದಿಲ್ಲ, ಅದರ ಪಾತ್, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ, ತುಂಬಾ ಚಿಕ್ಕದು. ಹಾಗಾಗಿ ಕಮಾಂಡ್, ಫೋಲ್ಡರ್, ಕೀ ಎಲ್ಲದಕ್ಕೂ ಪೂರ್ತಿ ವಿಳಾಸ ಬರೆಯಿರಿ. 'ಮದುವೆ ಫೋಟೋ' ಅಂತ ನಡುವೆ ಜಾಗ ಬಿಟ್ಟ ಹೆಸರಿದ್ದರೆ ಉದ್ಧರಣ ಚಿಹ್ನೆ ಹಾಕಿ. ಔಟ್‌ಪುಟ್, ಎರರ್ ಎರಡೂ ಒಂದು ಲಾಗ್ ಫೈಲಿಗೆ ಹೋಗಲಿ, ಆಗ ಯಾಕೆ ಓಡಲಿಲ್ಲ ಅಂತ ಅದೇ ಹೇಳುತ್ತದೆ. 11ಕ್ಕೆ ಕಂಪ್ಯೂಟರ್ ಆಫ್ ಇದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ, ಆಮೇಲೆ ನೆನಪಿಸಿಕೊಂಡು ಮಾಡುವುದಿಲ್ಲ. ಅರ್ಧ ಗಂಟೆಗೊಮ್ಮೆ ಓಡಿಸಿ, ಒಂದರ ಮೇಲೊಂದು ಶುರುವಾಗದಂತೆ 'ಎಫ್‌ಲಾಕ್' ಹಾಕಿ.

ಆರ್‌ಸಿಂಕ್‌ನ 'ಡಿಲೀಟ್' ಆಯ್ಕೆ (ಇಲ್ಲಿ ಇಲ್ಲದ ಫೈಲನ್ನು ಅಲ್ಲಿಯೂ ಅಳಿಸುವುದು) ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ನನ್ನ ಹೊರಗಿನ ಡಿಸ್ಕ್ ಒಂದು ರಾತ್ರಿ ಮೌಂಟ್ ಆಗಿರಲಿಲ್ಲ, ಅಂದರೆ ಕಂಪ್ಯೂಟರಿಗೆ ಜೋಡಿಕೊಂಡಿರಲಿಲ್ಲ. ಫೋಲ್ಡರ್ ಇತ್ತು, ಒಳಗೆ ಏನೂ ಇರಲಿಲ್ಲ. ಇಲ್ಲಿ ಖಾಲಿ, ಅಲ್ಲಿಯೂ ಖಾಲಿ ಇರಬೇಕಲ್ವಾ ಅಂತ ಆರ್‌ಸಿಂಕ್ ಬ್ಯಾಕಪ್ ಪೂರ್ತಿ ಗುಡಿಸಿ ಹಾಕಿತು. ಈಗ ನನ್ನ ಸ್ಕ್ರಿಪ್ಟಿನ ಮೊದಲ ಸಾಲೇ, ಫೋಲ್ಡರ್ ಖಾಲಿ ಇದ್ದರೆ ನಿಲ್ಲು ಅಂತ.