ಆ ಜಾಡಿ ಅಥೆನ್ಸಿನದು

ಕಳೆದ ಸಂಚಿಕೆಯ ಗ್ರೀಕ್ ಜಾಡಿಯ ಚಿತ್ರ ನೋಡಿ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ: ಇದು ಒಲಿಂಪಿಕ್ಸ್ ಬಹುಮಾನವೇ? ದೇವಿಯ ಮುಖವೇಕೆ ಅರ್ಧ ಬಿಳಿ, ಅರ್ಧ ಕಪ್ಪು?

ಸಂ: ಒಲಿಂಪಿಯಾದಲ್ಲಿ ಗೆದ್ದವರಿಗೆ ಸಿಗುತ್ತಿದ್ದದ್ದು ಕಾಡು ಆಲಿವ್ ಎಲೆಯ ಕಿರೀಟ. ಈ ಜಾಡಿ ಅಥೆನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಮಹಾ ಪ್ಯಾನಥೆನಾಯಿಯ ಉತ್ಸವದ್ದು. ಅಲ್ಲಿ ಓಟ, ಕುಸ್ತಿಗಳ ಜೊತೆಗೆ ಹೋಮರನ ಕಾವ್ಯವಾಚನ ಮತ್ತು ವಾದ್ಯಸ್ಪರ್ಧೆಗಳಿದ್ದವು. ಊರಿನ ಕಾವಲುದೇವತೆ ಅಥೇನಾಗೆ ಹೊಸದಾಗಿ ನೇಯ್ದ ವಸ್ತ್ರ ಒಪ್ಪಿಸುವ ಮೆರವಣಿಗೆಯೂ ಸಾಮೂಹಿಕ ಪಶುಬಲಿಯೂ ಇದ್ದವು.

ನಿಜವಾದ ಬಹುಮಾನ ಜಾಡಿಯೊಳಗಿನ ಎಣ್ಣೆ. ದೇವಿಗೆ ಸೇರಿದ ಪವಿತ್ರ ಆಲಿವ್ ಮರಗಳಿಂದ ಅದು ಬರುತ್ತಿತ್ತು. ಅಂಥ ಮರ ಕಡಿದವರಿಗೆ ಹಿಂದೆ ಮರಣದಂಡನೆಯೇ ಇತ್ತು. ಒಂದು ಜಾಡಿಗೆ ಸುಮಾರು 36ರಿಂದ 39 ಲೀಟರ್. ಕ್ರಿ.ಪೂ. 4ನೇ ಶತಮಾನದ ಶಾಸನವೊಂದರ ಪ್ರಕಾರ ಬಾಲಕರ ಓಟದಲ್ಲಿ ಮೊದಲಿಗನಿಗೆ 50 ಜಾಡಿ, ಎರಡನೆಯವನಿಗೆ 10; ಜೋಡಿಕುದುರೆ ರಥದ ಓಟ ಗೆದ್ದರೆ 140. ಎಂದರೆ 5 ಸಾವಿರ ಲೀಟರಿಗೂ ಹೆಚ್ಚು! ಯಾವ ಮನೆಗೂ ಇಷ್ಟು ಬೇಡ, ಮಾರುತ್ತಿದ್ದರು. ಇಟಲಿಯ ಗೋರಿಗಳಲ್ಲೂ ಈ ಜಾಡಿಗಳು ಸಿಕ್ಕಿವೆ.

ಒಂದು ಬದಿಯಲ್ಲಿ ಕವಚ ತೊಟ್ಟ ಅಥೇನಾ, ಎಡಬಲಕ್ಕೆ ಹುಂಜ ಕೂತ ಕಂಬಗಳು, ಕಂಬದ ಪಕ್ಕ 'ಅಥೆನ್ಸಿನ ಸ್ಪರ್ಧೆಗಳಿಂದ' ಎಂಬ ಬರಹ. ಇನ್ನೊಂದು ಬದಿಯಲ್ಲಿ ಗೆದ್ದ ಆಟ. ಓಟಗಾರರ ಕೈ ನೋಡಿ: ಬೀಸಿ ಚಾಚಿದ್ದರೆ ಮೈದಾನದ ಒಂದು ಉದ್ದದಷ್ಟೇ ವೇಗದ ಓಟ, ಮೊಣಕೈ ಮಡಿಸಿ ಪಕ್ಕೆಗೆ ತಂದಿದ್ದರೆ ದೂರದ ಓಟ. ಉಳಿದ ಕುಂಬಾರರೆಲ್ಲ ಕಪ್ಪು ಹಿನ್ನೆಲೆಯಲ್ಲಿ ಕೆಂಪು ಚಿತ್ರ ಬಿಡಿಸುವ ಹೊಸ ರೀತಿಗೆ ಹೊರಳಿ ಶತಮಾನ ಕಳೆದ ಮೇಲೂ ಇವು ಹಳೆಯ ಕಪ್ಪುಚಿತ್ರದಲ್ಲೇ ಉಳಿದವು. ದೇವಿಯ ಕಾಣಿಕೆಯ ರೂಪ ಬದಲಿಸಲು ಊರಿಗೆ ಮನಸ್ಸಿರಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನು ಮುಖದ ಬಣ್ಣ. ಆ ಕಪ್ಪು ಬೇರೆ ಬಣ್ಣವಲ್ಲ, ಜಾಡಿ ಮಾಡಿದ ಜೇಡಿಮಣ್ಣಿನದೇ ಅತಿ ನಯವಾದ ಕೆನೆ. ಗೂಡಿನಲ್ಲಿ ಮೊದಲು ಗಾಳಿ ಬಿಟ್ಟು ಸುಡುತ್ತಾರೆ, ಎಲ್ಲ ಕೆಂಪಾಗುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ಮುಚ್ಚಿ ಹಸಿ ಸೌದೆ ಹಾಕಿದರೆ ಎಲ್ಲ ಕಪ್ಪು. ಆಗ ಕೆನೆ ಕರಗಿದಂತಾಗಿ ರಂಧ್ರ ಮುಚ್ಚಿಕೊಳ್ಳುತ್ತದೆ. ಮತ್ತೆ ಗಾಳಿ ಬಿಟ್ಟಾಗ ಮೈ ಕೆಂಪಿಗೆ ಮರಳುತ್ತದೆ, ಕೆನೆ ಕಪ್ಪಾಗಿಯೇ ನಿಲ್ಲುತ್ತದೆ. ಕೆನೆ ತೆಳುವಾದರೆ ಅದೂ ಕಂದುಗೆಂಪಾಗುತ್ತದೆ. ಹೆಂಗಸರ ಮೈಗೆ ಮಾತ್ರ ಈ ಕಪ್ಪಿನ ಮೇಲೆ ಬಿಳಿ ಜೇಡಿ ಬಳಿಯುತ್ತಿದ್ದರು. ಅದು ಕಪ್ಪಿನಷ್ಟು ಗಟ್ಟಿಯಾಗಿ ಹಿಡಿಯದೆ ಕಾಲಕ್ರಮೇಣ ಉದುರುತ್ತದೆ. ಅಥೇನಾಳ ಕೆನ್ನೆಯಲ್ಲಿ ನಿಮಗೆ ಕಂಡದ್ದು ಬಿಳಿ ಉದುರಿ ಹೊರಬಿದ್ದ ಆ ತಳದ ಕಪ್ಪು.