ಹಳೇ ಹೆಡ್‌ಲೈಟ್ ಗ್ಲಾಸ್: ದುಡ್ಡು ಕೊಡುವ ಮುಂಚೆ ಅಕ್ಷರ ಓದಿ

ಪ್ರಶ್ನೆ: 1948ರ ಮೋರಿಸ್ ಕಾರಿನದು ಅಂತ ಹೇಳಿ ಒಬ್ಬರು ಒಂದು ಜೊತೆ ಏಳು ಇಂಚಿನ ಗ್ಲಾಸ್ ತೋರಿಸಿದ್ದಾರೆ. ಆರು ಸಾವಿರ ಕೇಳುತ್ತಿದ್ದಾರೆ. ಗ್ಲಾಸ್ ಮೇಲೆ ಒಂದು ವೃತ್ತ, ಅದರೊಳಗೆ ಇಂಗ್ಲಿಷಿನ ‘ಇ’ ಮತ್ತು 2, ಪಕ್ಕದಲ್ಲಿ ‘ಎಚ್‌ಸಿಆರ್’ ಅಂತಿದೆ. ತಗೊಳ್ಳಬಹುದಾ?

ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಈ ಸಲ ಪೂರ್ತಿ ಬರೆಯುತ್ತೇನೆ. ವೃತ್ತದೊಳಗಿನ ‘ಇ’ ಬಂದದ್ದು ವಾಹನದ ಬಿಡಿಭಾಗಗಳಿಗೆ ಒಪ್ಪಿಗೆ ಕೊಡುವ ಬಗ್ಗೆ ದೇಶಗಳು ಮಾಡಿಕೊಂಡ 1958ರ ಜಿನೀವಾ ಒಪ್ಪಂದದಿಂದ. ಅದಿರುವ ಗ್ಲಾಸ್ 1948ರದ್ದಾಗಲು ಸಾಧ್ಯವೇ ಇಲ್ಲ. ಪಕ್ಕದ ಅಂಕಿ ಒಪ್ಪಿಗೆ ಕೊಟ್ಟ ದೇಶದ್ದು: 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 11 ಬ್ರಿಟನ್. ಇನ್ನು ‘ಎಚ್’ ಅಂದ್ರೆ ಹ್ಯಾಲೊಜನ್, ‘ಸಿ’ ಡಿಮ್, ‘ಆರ್’ ಹೈ ಬೀಮ್. ಕಾರಿಗೆ ಹ್ಯಾಲೊಜನ್ ಬಲ್ಬ್ ಬಂದದ್ದೇ 1960ರ ದಶಕದಲ್ಲಿ, ಡಿಮ್ಮೂ ಹೈಯೂ ಒಂದರಲ್ಲೇ ಇರುವ ಎಚ್4 ಬಲ್ಬ್ ಬಂದದ್ದು 1971ರಲ್ಲಿ. ನಿಮಗೆ ತೋರಿಸಿದ್ದು ಒಳ್ಳೆಯ ಗ್ಲಾಸೇ ಇರಬಹುದು, ಆದರೆ ಅದರ ಜೊತೆ ಕೊಟ್ಟ ಕಥೆ ಸುಳ್ಳು.

ಬಾಣದ ಗುರುತನ್ನೂ ನೋಡಿ. ಇದನ್ನು ಯಾರೂ ನೋಡುವುದಿಲ್ಲ, ನನಗೆ ಸಿಟ್ಟು ಬರುವುದೇ ಅಲ್ಲಿ. ‘ಇ’ ಗುರುತಿನ ಗ್ಲಾಸನ್ನು ಎದುರಿಗೆ ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ನಮ್ಮ ಹಾಗೆ ಎಡಗಡೆ ಓಡಿಸುವ ದೇಶಕ್ಕೆ ಮಾಡಿದ್ದು. ಬಾಣ ಎರಡೂ ಕಡೆ ತೋರಿಸುತ್ತಿದ್ದರೆ ಎರಡಕ್ಕೂ ಆಗುತ್ತದೆ. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರದ್ದು. ಅಂಥದ್ದನ್ನು ಇಲ್ಲಿ ಹಾಕಿಕೊಂಡು ರಾತ್ರಿ ಹೊರಟರೆ ಡಿಮ್ ಮಾಡಿದರೂ ಬೆಳಕು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಕಪಾಟಿನಲ್ಲಿಡಲು ಬೇಕಾದರೆ ತಗೊಳ್ಳಿ, ರಸ್ತೆಗೆ ಮಾತ್ರ ಬೇಡ. ಮಾರುವಾಗಲೂ ಇದನ್ನು ಬಾಯಿಬಿಟ್ಟು ಹೇಳಿ.

ಗುರುತೇ ಇಲ್ಲದ ಗ್ಲಾಸ್ ಆದರೆ ಸವೆತ ನೋಡಬೇಕು. ವರ್ಷಗಟ್ಟಲೆ ಓಡಿದ ಗ್ಲಾಸಿನ ಮುಖದ ಮೇಲೆ ಮರಳು, ಸಣ್ಣ ಕಲ್ಲು ಹೊಡೆದು ಸೂಜಿಮೊನೆಯಂಥ ಚುಕ್ಕಿಗಳು ಬಿದ್ದಿರುತ್ತವೆ, ಆದರೆ ಲೈಟಿನ ಸುತ್ತಲಿನ ರಿಂಗಿನ ಅಡಿ ಕೂತಿದ್ದ ಅಂಚು ನುಣ್ಣಗೇ ಇರುತ್ತದೆ. ಹೊಸ ಗ್ಲಾಸಿಗೆ ಮಣ್ಣು ಮೆತ್ತಿ ‘ಹಳೆಯದು’ ಮಾಡುವವರಿಗೆ ಇದು ಹೊಳೆಯುವುದಿಲ್ಲ. ಅಂಚಿಂದ ಅಂಚಿಗೆ ಒಂದೇ ಥರ ಕೊಳೆ ಇದ್ದರೆ, ತೊಳೆದಾಗ ಒಂದು ಚುಕ್ಕಿಯೂ ಕಾಣದಿದ್ದರೆ, ವಾಪಸ್ ಕೊಟ್ಟು ಬನ್ನಿ. ಓಡದೆ ಡಬ್ಬಿಯಲ್ಲೇ ಉಳಿದ ಹಳೇ ಸರಕೂ ಉಂಟು, ನಿಜ. ಅದಕ್ಕೆ ಡಬ್ಬಿ ಕೇಳಿ. ಡಬ್ಬಿ ಇಲ್ಲ, ಬರೀ ಮಾತಿದೆ ಅಂದರೆ ನಾನಂತೂ ಹಳೇದರ ಬೆಲೆ ಕೊಡುವುದಿಲ್ಲ.

ಪ್ರಶ್ನೆ: ಹಳದಿ ಗ್ಲಾಸ್ ಅಂದ್ರೆ ಫ್ರಾನ್ಸಿನದೇ ಅಲ್ವಾ?

ಅಲ್ಲ. ಫ್ರಾನ್ಸಿನಲ್ಲಿ 1993ರವರೆಗೆ ಹಳದಿ ಬೆಳಕು ಕಡ್ಡಾಯ ಇತ್ತು, ಆದರೆ ಬಹಳಷ್ಟು ಕಾರುಗಳಲ್ಲಿ ಹಳದಿ ಇದ್ದದ್ದು ಬಲ್ಬು. ಗ್ಲಾಸಿಗೆ ಹಳದಿ ಲ್ಯಾಕರ್ ಹೊಡೆದು ಮಾರುತ್ತಾರೆ. ಅಂಚನ್ನು ಉಗುರಿನಿಂದ ಕೆರೆದು ನೋಡಿ.

ಪ್ರಶ್ನೆ: ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದಂತೆ?

ಅದು ಈಗಿನ ಕಾರುಗಳ ಪ್ಲಾಸ್ಟಿಕ್ ಲೈಟಿಗೆ ಮಾಡುವ ಉಪಾಯ. ಗಾಜಿನ ಗೀರು ಅದರಿಂದ ಹೋಗುವುದಿಲ್ಲ. ಗಾಜಿಗೆ ಸೀರಿಯಂ ಆಕ್ಸೈಡ್ ಪುಡಿ ಬೇಕು, ಅದೂ ತೆಳು ಗೀರಿಗೆ ಮಾತ್ರ. ಬೆಳ್ಳಿ ಲೇಪದ ರಿಫ್ಲೆಕ್ಟರಿಗೆ ಮಾತ್ರ ದಯವಿಟ್ಟು ಬ್ರಾಸೋ ಮುಟ್ಟಿಸಬೇಡಿ, ಲೇಪವೇ ಎದ್ದು ಹೋಗುತ್ತದೆ.

ಪ್ರಶ್ನೆ: ಸೀಲ್ಡ್ ಬೀಮಿನಿಂದ ಗ್ಲಾಸ್ ಬಿಡಿಸುವುದು ಹೇಗೆ?

ಬಿಡಿಸುವ ಹಾಗಿಲ್ಲ. ಸೀಲ್ಡ್ ಬೀಮ್ ಅಂದ್ರೆ ಗ್ಲಾಸು, ರಿಫ್ಲೆಕ್ಟರು, ಒಳಗಿನ ತಂತಿ ಎಲ್ಲ ಸೇರಿ ಒಂದೇ ಮುಚ್ಚಿದ ಲೈಟು; ಗಾಜಿಗೆ ಗಾಜು ಕರಗಿಸಿ ಸೇರಿಸಿರುತ್ತಾರೆ. ಇಡಿಯಾಗಿಯೇ ಮಾರಿ.

ಪ್ರಶ್ನೆ: ಫೋಟೊ ಕಳಿಸಿದ್ದೇನೆ, ಬೆಲೆ ಹೇಳಿ.

ಫೋಟೊ ನೋಡಿ ಹೇಳುವುದಿಲ್ಲ.

ಪ್ರಶ್ನೆ: ಕೊರಿಯರಿನಲ್ಲಿ ಕಳಿಸಬಹುದಾ?

ಕಳಿಸಬಹುದು, ಆದರೆ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ನಡುವೆ ದಪ್ಪ ಥರ್ಮಾಕೋಲ್ ಇಟ್ಟು, ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಡಿ. ನಾನು ಒಂದು ಜೊತೆಯನ್ನು ಮುಖಕ್ಕೆ ಮುಖ ತಾಗಿಸಿ ಕಳಿಸಿ ಎರಡನ್ನೂ ಕಳೆದುಕೊಂಡೆ. ಜೊತೆ ಒಡೆದರೆ ಉಳಿದ ಒಂದಕ್ಕೆ ಅರ್ಧ ಬೆಲೆಯೂ ಸಿಗುವುದಿಲ್ಲ.