64 ಅಶ್ವಶಕ್ತಿಯ ಕಾರಿನಲ್ಲಿ ಏನು ಸುಖ?

ಮಾನ್ಯರೇ, ಅಮೆರಿಕದಲ್ಲಿರುವ ನೀವು, ಕೇವಲ 64 ಅಶ್ವಶಕ್ತಿಯ ಹಳೆಯ ಹೋಂಡಾ ಬೀಟ್ ಕಾರನ್ನು ಜಪಾನಿನಿಂದ ತರಿಸಿಕೊಳ್ಳುವುದರಲ್ಲಿ ಏನು ಸುಖವಿದೆ ಎಂದು ಕೇಳಿದ್ದೀರಿ. ಸುಖವಿರುವುದು ಎಂಜಿನ್ನನ್ನು ಪೂರ್ತಿಯಾಗಿ ದುಡಿಸಿಕೊಳ್ಳುವುದರಲ್ಲಿ. 1991ರಲ್ಲಿ ಬಂದ ಈ ಕಾರಿನ 656 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಸೀಟಿನ ಬೆನ್ನಿಗೇ ಇದ್ದು, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಬಲ ಕೂಡಿಸುವ ಸಾಧನ) ನೆರವಿಲ್ಲದೆಯೇ, ನಿಮಿಷಕ್ಕೆ 8,100 ಸುತ್ತು ತಿರುಗಿದಾಗ ಜಪಾನಿನಲ್ಲಿ ಅತಿ ಚಿಕ್ಕ ಕಾರುಗಳಿಗಿರುವ ಕೇ ವರ್ಗದ ಗರಿಷ್ಠ ಮಿತಿಯಾದ ಆ 64ನ್ನು ಮುಟ್ಟುತ್ತದೆ. ಸುಮಾರು 760 ಕಿಲೋ ತೂಕದ ಈ ಗಾಡಿಯಲ್ಲಿ ಎರಡನೆಯ ಗೇರನ್ನು ಕೊನೆಯವರೆಗೂ ಎಳೆದು ಮೂರನೆಯದಕ್ಕೆ ಬದಲಿಸುವ ಆನಂದ, ಅತಿವೇಗಕ್ಕೆ ಹೋಗದೆಯೇ ದಕ್ಕುತ್ತದೆ. ದೊಡ್ಡ ಸ್ಪೋರ್ಟ್ಸ್ ಕಾರಿನಲ್ಲಿ ಅದೇ ಕೆಲಸ ಮಾಡಿದರೆ ಕೈಗೆ ದಂಡದ ಚೀಟಿ ಬರುತ್ತದೆ. (ಸೀಟಿನ ಜೀಬ್ರಾ ಪಟ್ಟೆಯ ಬಟ್ಟೆಗೇ ಮರುಳಾದವರೂ ಇದ್ದಾರೆ, ಅದು ಬೇರೆ ಮಾತು.)

ಟರ್ಬೊ ಬೇಕೆನಿಸಿದರೆ ಅದೇ ಕೇ ವರ್ಗದ ಸುಜುಕಿ ಕ್ಯಾಪುಚಿನೊ ಕಾರನ್ನು ನೋಡಬಹುದು. ಆದರೆ ಅದರ ಮೇಲ್ಛಾವಣಿಯ ಮೂರು ಫಲಕಗಳನ್ನು ಕಳಚಿ ಡಿಕ್ಕಿಯಲ್ಲಿಟ್ಟರೆ ಸಾಮಾನಿಗೆ ಜಾಗ ಉಳಿಯುವುದಿಲ್ಲವೆಂದೇ ಹೇಳಬೇಕು.

25 ವರ್ಷ ದಾಟಿದ ಕಾರುಗಳ ಆಮದಿಗೆ ಅಮೆರಿಕದ ಕೇಂದ್ರ ಸರ್ಕಾರದ ಸುರಕ್ಷತಾ ನಿಯಮಗಳು ಅಡ್ಡಿಯಾಗುವುದಿಲ್ಲ. ಆದರೂ ಕೆಲವು ರಾಜ್ಯಗಳು ಕೇ ವಾಹನಗಳ ನೋಂದಣಿಗೆ ತಕರಾರು ತೆಗೆದಿರುವುದರಿಂದ, ಹಣ ಕಳುಹಿಸುವ ಮುನ್ನ ನಿಮ್ಮ ರಾಜ್ಯದ ಕಚೇರಿಯಲ್ಲಿ ವಿಚಾರಿಸಿ. ಜೊತೆಗೆ, ತುಕ್ಕು ಹಿಡಿದಿದೆಯೇ ಎಂದು ತಿಳಿಯಲು ಕಾರಿನ ತಳಭಾಗದ ಫೋಟೊಗಳನ್ನು ಮಾರುವವರಿಂದ ತಪ್ಪದೆ ತರಿಸಿಕೊಳ್ಳಿ.